ದುರ್ಬೀನಿಗೆ ತಕ್ಕ ಮುಕ್ಕಾಲಿ

ಮುಕ್ಕಾಲಿ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವುದು ಊಟದ ತಾಟನ್ನಿಡುವ ಅಡ್ಡಣಿಗೆ. ಮೂರು ಕಾಲುಗಳ ಆ ಪುಟ್ಟ ಪೀಠ ಸೆಗಣಿ ಸಾರಿಸಿದ ಏರುಪೇರಿನ ನೆಲದ ಮೇಲೂ ಅಲುಗದೆ ನಿಲ್ಲುತ್ತಿತ್ತು. ತಾಟಿನೊಳಗಿನ ಸಾರು ಚೆಲ್ಲುತ್ತಿರಲಿಲ್ಲ. ಅದೇ ನೆಲದ ಮೇಲೆ ನಾಲ್ಕು ಕಾಲಿನ ಮಂಚವನ್ನು ಹಾಕಿದರೆ ಒಂದು ಕಾಲಿನ ಕೆಳಗೆ ಹಂಚಿನ ಚೂರನ್ನೋ ಮಡಚಿದ ಕಾಗದವನ್ನೋ ಇಡಬೇಕಾಗುತ್ತದೆ. ಕಾರಣ ಕ್ಷೇತ್ರಗಣಿತದಲ್ಲಿದೆ. ಒಂದೇ ಗೆರೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದು ಸಮತಲ ತಪ್ಪದೆ ಹಾಯುತ್ತದೆ. ನಾಲ್ಕನೆಯ ಬಿಂದುವೂ ಅದೇ ಸಮತಲದಲ್ಲಿರಬೇಕೆಂಬ ನಿಯಮವೇನೂ ಇಲ್ಲ. ಹೊಲದ ಬದುವಿನಲ್ಲಿ ಒಲೆ ಹೂಡುವ ಕುರಿಗಾರ ಮೂರೇ ಗುಂಡುಗಳನ್ನು ಆರಿಸಿ ತರುವುದು ಈ ಗಣಿತವನ್ನು ಓದಿಕೊಂಡಲ್ಲ. ಗಡಿಗೆ ಉರುಳಬಾರದೆಂಬ ಅನುಭವದಿಂದ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಇನ್ನೊಂದು ಬಗೆಯ ಮುಕ್ಕಾಲಿಯನ್ನು ಕುರಿತು. ಗುಡ್ಡವೇರಿ ಕುಳಿತು ದೂರದ ಪ್ರಾಣಿಪಕ್ಷಿಗಳನ್ನು ನೋಡುವವರು ತಮ್ಮ ದುರ್ಬೀನನ್ನು ನಿಲ್ಲಿಸಲೆಂದು ಹೊತ್ತುಕೊಂಡು ಹೋಗುವ ಮುಕ್ಕಾಲಿ ಇದು. ಅಂಗಡಿಯವರು ಟ್ರೈಪಾಡ್ ಎನ್ನುತ್ತಾರೆ. ಫೋಟೋ ತೆಗೆಯುವವರು ಸ್ಟ್ಯಾಂಡ್ ಎನ್ನುತ್ತಾರೆ. ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂದು ಕೇಳುವವರಿರಬಹುದು. ಮೊದಲು ರೋಣ ತಾಲ್ಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿರುವ ರಾಜೂರ ನನ್ನ ಊರು. ಸಮೀಪದಲ್ಲಿಯೇ ಗುಡ್ಡಗಳಿವೆ; ನಿವೃತ್ತಿಯ ಬಿಡುವಿದೆ; ಅರವತ್ತು ದಾಟಿದ ಮೊಣಕಾಲುಗಳು ಹೆಗಲ ಮೇಲಿನ ಪ್ರತಿಯೊಂದು ಕಿಲೋಗೂ ಲೆಕ್ಕ ಕೇಳುತ್ತವೆ. ನನ್ನ ಅಧಿಕಾರವೆಂದರೆ ಇಷ್ಟೇ.

ಎತ್ತರದಲ್ಲಿ ಕುಳಿತು ದೂರವನ್ನು ಶೋಧಿಸುವ ಈ ಕಲೆಗೆ ಬೇಟೆಯೊಡನೆ ಹಳೆಯ ನಂಟಿದೆ. ಬೇಟೆ ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಮೃಗಯೆಗೂ ಒಂದು ಸ್ಥಾನವಿದೆ. ಅದಕ್ಕಿಂತ ಹಿಂದಿನದು, 10ನೆಯ ಶತಮಾನದ್ದು, ಆತಕೂರಿನ ಶಾಸನ. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಅದು ಕಾಯ್ದಿರಿಸಿದೆ. ರಾಘವಾಂಕನ ಹರಿಶ್ಚಂದ್ರನಿಗೆ ಸಂಕಟಗಳು ಒದಗುವುದೂ ಬೇಟೆಯ ಬೆನ್ನಿಗೇ. ಆದರೆ ನಮ್ಮ ಕಾವ್ಯಗಳಲ್ಲಿ ನಾವು ಕಾಣುವ ಬೇಟೆ ಬಹುಮಟ್ಟಿಗೆ ಗದ್ದಲದ ಬೇಟೆ. ಬಲೆ, ನಾಯಿ, ಬೊಬ್ಬೆ, ಬೇಡರ ಗುಂಪು. ಪರ್ವತದ ಬೇಟೆಯ ರೀತಿಯೇ ಬೇರೆ. ಅಲ್ಲಿ ಬೇಟೆಗಾರ ದಿನದ ಬಹುಭಾಗ ಒಂದೆಡೆ ಕುಳಿತು ಎದುರಿನ ಇಳಿಜಾರನ್ನು ಅಂಗುಲ ಅಂಗುಲವಾಗಿ ನೋಡುತ್ತಾನೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಸಾರಂಗದ ಜಾಡು ಹಿಡಿಯುವವರು ನೆಲಕ್ಕೆ ಒರಗಿ ಮಲಗಿ, ಕೈಕೋಲನ್ನೂ ಮೊಣಕಾಲನ್ನೂ ಆಧಾರ ಮಾಡಿಕೊಂಡು ನೀಳವಾದ ಹಿತ್ತಾಳೆಯ ದುರ್ಬೀನನ್ನು ಹಿಡಿಯುತ್ತಿದ್ದರು. ಅಮೆರಿಕದ ಪಶ್ಚಿಮದ ಪರ್ವತಗಳಲ್ಲಿ ಕಾಡುಕುರಿಯನ್ನು ಅರಸುವವರು ಇಂದಿಗೂ ಗಂಟೆಗಟ್ಟಲೆ ಮುಕ್ಕಾಲಿಯ ಹಿಂದೆ ಕೂರುತ್ತಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ವಿನೋದದ ಬೇಟೆಯ ಕಾಲ ಮುಗಿಯಿತು. ಬಂದೂಕು ಹೋಯಿತು, ದುರ್ಬೀನು ಉಳಿಯಿತು. ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನದಲ್ಲಿ ಹಿಮಚಿರತೆಯನ್ನು ಯಾತ್ರಿಕರಿಗೆ ತೋರಿಸುವ ಸ್ಥಳೀಯರ ಬಳಿ ಇರುವುದು ಇದೇ ಸಲಕರಣೆ. ನಮ್ಮ ಗಜೇಂದ್ರಗಡದ ಮರಳುಗಲ್ಲಿನ ಗುಡ್ಡಗಳು ಹಿಮಾಲಯದ ಮುಂದೆ ಮೊಮ್ಮಕ್ಕಳಂತೆ ಕಾಣಬಹುದು. ಆದರೆ ನೋಡುವವನಿಗೆ ಇಲ್ಲಿಯೂ ಬಡತನವಿಲ್ಲ. ತೋಳ, ನರಿ, ನವಿಲು, ಮೇಲೆ ಸುತ್ತುವ ಹದ್ದುಗಳು, ಕೆಳಗಿನ ಎರೆಹೊಲಗಳ ಅಂಚಿನಲ್ಲಿ ಒಮ್ಮೊಮ್ಮೆ ಚಿಗರಿಯ ಹಿಂಡು. ನಮ್ಮ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. 2025ರಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವನ್ನು ಘೋಷಿಸಲಾಯಿತು. ಬಯಲುಸೀಮೆಯ ಬೋಳುಗುಡ್ಡಗಳಿಗೂ ಜೀವವಿದೆಯೆಂಬುದನ್ನು ಸರಕಾರವೂ ಒಪ್ಪಿಕೊಂಡ ಕಾಲ ಇದು. ನೋಡುವ ಆಸೆಯುಳ್ಳ ತರುಣರು ಹೆಚ್ಚುತ್ತಿದ್ದಾರೆ. ಅವರಲ್ಲಿ ಹಲವರು ದುರ್ಬೀನಿಗೆ ಧಾರಾಳವಾಗಿ ಹಣ ಸುರಿದು, ಅದರ ಕಾಲಿಗೆ ಉಳಿದ ಚಿಲ್ಲರೆಯನ್ನು ವೆಚ್ಚ ಮಾಡುತ್ತಾರೆ. ಈ ಲೆಕ್ಕ ಏಕೆ ತಲೆಕೆಳಗಾದದ್ದು ಎಂಬುದನ್ನು ಸ್ವಲ್ಪ ವಿವರಿಸಬೇಕು.

ಸ್ಪಾಟಿಂಗ್ ಸ್ಕೋಪ್ ಎಂದು ಕರೆಯುವ ಈ ಒಂಟಿಕಣ್ಣಿನ ದುರ್ಬೀನು ಸಾಮಾನ್ಯವಾಗಿ 20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಅದು ಪ್ರಾಣಿಯನ್ನು ಮಾತ್ರ ಹಿಗ್ಗಿಸುವುದಿಲ್ಲ; ತನ್ನ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವನ್ನು ಕೋನದ ಒಂದು ಮಿನಿಟು ಎನ್ನುತ್ತಾರೆ. ಸುಮಾರು 35 ಸೆಂಟಿಮೀಟರು ಉದ್ದದ ದುರ್ಬೀನಿನ ಒಂದು ತುದಿ ಕಾಗದದ ಹಾಳೆಯೊಂದರ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು, ಸರಿದರೆ ಸಾಕು. ಅದು ಒಂದು ಮಿನಿಟಿನ ಕೋನ ತಿರುಗಿದಂತಾಯಿತು. 60 ಪಟ್ಟಿನಲ್ಲಿ ಆ ಒಂದು ಮಿನಿಟು ಕಣ್ಣಿಗೆ ಒಂದು ಡಿಗ್ರಿಯಾಗಿ ಕಾಣುತ್ತದೆ. ಒಂದು ಡಿಗ್ರಿಯೆಂದರೆ ಆಕಾಶದಲ್ಲಿ ಎರಡು ಹುಣ್ಣಿಮೆಯ ಚಂದ್ರರನ್ನು ಪಕ್ಕಪಕ್ಕಕ್ಕೆ ಇಟ್ಟಷ್ಟು ಅಗಲ. ದೃಶ್ಯ ಅಷ್ಟು ಅಗಲಕ್ಕೆ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿದ್ದರೆ, ಅರ್ಧ ಕಿಲೋಮೀಟರು ಆಚೆಯ ಪೊದೆಯಲ್ಲಿ ಅಲುಗಿದ್ದು ತೋಳದ ಕಿವಿಯೋ ಒಣಹುಲ್ಲೋ ಎಂದು ಯಾವ ಕಣ್ಣು ಹೇಳೀತು? ಬೆಲೆಬಾಳುವ ಗಾಜು ಮಾಡಿದ ಉಪಕಾರವನ್ನೆಲ್ಲ ಕಾಗದದ ದಪ್ಪದ ಒಂದು ಅಲುಗಾಟ ಕಸಿದುಕೊಳ್ಳುತ್ತದೆ.

ಹಾಗಾದರೆ ಭಾರವಾದದ್ದನ್ನೇ ಕೊಂಡರೆ ತೀರಿತಲ್ಲವೇ? ಭಾರವೇ ಸ್ಥೈರ್ಯವೆಂದು ನಂಬಿದ ಕಾಲವೂ ಇತ್ತು. 1802ರಲ್ಲಿ ಮದರಾಸಿನಿಂದ ಭಾರತದ ಮಹಾ ಭೂಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ತನ್ನೊಡನೆ ಸಾಗಿಸುತ್ತಿದ್ದ ಥಿಯೋಡೊಲೈಟ್ ಯಂತ್ರದ ತೂಕ ಸುಮಾರು ಅರ್ಧ ಟನ್ನು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಅದನ್ನು ಏರಿಸುವಾಗ ಹಗ್ಗ ತುಂಡಾಗಿ ಯಂತ್ರಕ್ಕೆ ಪೆಟ್ಟು ಬಿತ್ತು. ಲ್ಯಾಂಬ್ಟನ್ನನಿಗೆ ಹೊರುವ ಆಳುಗಳಿದ್ದರು. ನಮಗಿರುವುದು ನಮ್ಮ ಹೆಗಲು. 65 ಮಿಲಿಮೀಟರು ಮುಂಗಾಜಿನ ದುರ್ಬೀನು ಒಂದು ಕಿಲೋ ಅಥವಾ ಸ್ವಲ್ಪ ಹೆಚ್ಚು ತೂಗುತ್ತದೆ. 85 ಮಿಲಿಮೀಟರಿನದು ಎರಡು ಕಿಲೋದ ಹತ್ತಿರ. ಇದರ ಮೇಲೆ ಮುಕ್ಕಾಲಿ, ಅದರ ತಲೆ, ಎರಡು ಲೀಟರು ನೀರು, ಬುತ್ತಿ. ಭಾರವಾದ ಮುಕ್ಕಾಲಿ ಮೂರನೆಯ ದಿನ ಮನೆಯ ಮೂಲೆಯಲ್ಲಿ ಉಳಿಯುತ್ತದೆ. ಮನೆಯಲ್ಲುಳಿದ ಮುಕ್ಕಾಲಿ ಎಷ್ಟು ಗಟ್ಟಿಯಾಗಿದ್ದರೇನು?

ಆದ್ದರಿಂದ ಹಗುರಾದದ್ದು ಬೇಕೇ ಬೇಕು. ಆದರೆ ಅದು ಎಷ್ಟು ಹಗುರ ಎಂದು ಕೇಳುವುದಕ್ಕೆ ಮೊದಲು, ಏನನ್ನು ಬಿಟ್ಟು ಹಗುರಾಗಿದೆ ಎಂದು ಕೇಳಬೇಕು. ಮುಕ್ಕಾಲಿಯ ತೂಕವನ್ನು ಇಳಿಸುವ ದಾರಿಗಳು ಮುಖ್ಯವಾಗಿ ಮೂರು: ಕಾಲನ್ನು ತೆಳುವಾಗಿಸುವುದು, ಕಾಲನ್ನು ಗಿಡ್ಡವಾಗಿಸುವುದು, ಹಗುರಾದ ವಸ್ತುವಿನಿಂದ ಮಾಡುವುದು. ಮೂರರ ಫಲ ಒಂದೇ ಅಲ್ಲ.

ತೆಳುವಾಗಿಸುವುದು ಮೋಸದ ಉಳಿತಾಯ. ಕೊಳವೆಯೊಂದರ ಬಾಗದಿರುವ ಶಕ್ತಿ ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆಂದು ಯಂತ್ರಶಾಸ್ತ್ರ ಹೇಳುತ್ತದೆ. 28 ಮಿಲಿಮೀಟರಿನ ಕಾಲನ್ನು, ಗೋಡೆಯ ದಪ್ಪವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸುತ್ತ, 22 ಮಿಲಿಮೀಟರಿಗೆ ಇಳಿಸಿದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು. ಆದರೆ ಅದರ ಬಿಗುವು ಅರ್ಧಕ್ಕಿಂತಲೂ ಕೆಳಗಿಳಿದು ನೂರಕ್ಕೆ 38ರಷ್ಟು ಮಾತ್ರ ಉಳಿಯುತ್ತದೆ. ಗಿಡ್ಡವಾಗಿಸುವುದು ಇದಕ್ಕೆ ವಿರುದ್ಧವಾದ ಫಲ ಕೊಡುತ್ತದೆ. ಒಂದು ತುದಿಯಲ್ಲಿ ಹಿಡಿದು ಇನ್ನೊಂದು ತುದಿಯನ್ನು ಒತ್ತಿದ ಕೋಲು ಎಷ್ಟು ಬಾಗುತ್ತದೆಂಬುದು ಅದರ ಉದ್ದದ ಘನವನ್ನು ಅನುಸರಿಸುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಬಾಗುವುದು ಎಂಟರಲ್ಲೊಂದು ಪಾಲಾಗುತ್ತದೆ. ಎಂದರೆ ಗಿಡ್ಡ ಕಾಲು ಭಾರವನ್ನೂ ಇಳಿಸುತ್ತದೆ, ಸ್ಥೈರ್ಯವನ್ನೂ ಹೆಚ್ಚಿಸುತ್ತದೆ. ಒಂದೇ ಕೆಲಸದಿಂದ ಎರಡು ಲಾಭ ಬರುವುದು ಲೋಕದಲ್ಲಿ ಅಪರೂಪ, ಇಲ್ಲಿ ಬರುತ್ತದೆ. ಉದ್ದವನ್ನು ಬಿಟ್ಟುಕೊಡಿ, ದಪ್ಪವನ್ನು ಬಿಟ್ಟುಕೊಡಬೇಡಿ. ನನ್ನ ಇಂದಿನ ಮಾತಿನ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ.

ಉದ್ದವನ್ನು ಬಿಟ್ಟುಕೊಡುವುದು ಸಾಧ್ಯವೇ ಎಂದು ನೀವು ಕೇಳಬಹುದು. ಗುಡ್ಡದ ಮೇಲೆ ಸಾಧ್ಯ. ಅಲ್ಲಿ ನಾವು ನಿಂತು ನೋಡುವುದಿಲ್ಲ, ಕುಳಿತು ನೋಡುತ್ತೇವೆ. ನಿಂತವನ ಕಣ್ಣಿನ ಮಟ್ಟಕ್ಕೆ ಬೇಕಾದ ಒಂದೂವರೆ ಮೀಟರಿನ ಮುಕ್ಕಾಲಿ ಕುಳಿತವನಿಗೆ ಬೇಡ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರೆ ಕಣ್ಣು ಇರುವುದು ಮುಕ್ಕಾಲು ಮೀಟರಿನ ಆಸುಪಾಸಿನಲ್ಲಿ. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಏಳುವ ಮುಕ್ಕಾಲಿ ಕುಳಿತವನಿಗೂ ಮೊಣಕಾಲೂರಿದವನಿಗೂ ಸಾಕು. ನೋಡುವ ಕೊಳವೆ ಓರೆಯಾಗಿ ಮೇಲ್ಮುಖವಾಗಿರುವ ದುರ್ಬೀನಾದರೆ ಮುಕ್ಕಾಲಿ ಇನ್ನೂ ತಗ್ಗಿನಲ್ಲಿದ್ದರೂ ನಡೆಯುತ್ತದೆ. ಬಾವಿಯೊಳಗೆ ಇಣುಕಿದಂತೆ ಕತ್ತು ಬಗ್ಗಿಸಿ ನೋಡಬಹುದು. ನೇರವಾದ ಕೊಳವೆಯ ದುರ್ಬೀನನ್ನು ಗುರಿಗೆ ತಿರುಗಿಸುವುದು ಸುಲಭ. ಆದರೆ ಅದು ಮುಕ್ಕಾಲಿಯಿಂದ ಹೆಚ್ಚು ಎತ್ತರವನ್ನು ಕೇಳುತ್ತದೆ.

ಕೂರುವುದರಿಂದ ಇನ್ನೊಂದು ಲಾಭವೂ ಇದೆ. ನೆತ್ತಿಯ ಮೇಲೆ ನಿಂತವನ ಆಕೃತಿ ಆಕಾಶದ ಹಿನ್ನೆಲೆಯಲ್ಲಿ ಮೈಲು ದೂರಕ್ಕೆ ಕಾಣುತ್ತದೆ. ನೆತ್ತಿಯಿಂದ ಹತ್ತು ಮಾರು ಕೆಳಗಿಳಿದು, ಬೆನ್ನಿಗೆ ಬಂಡೆಯಿಟ್ಟು ಕುಳಿತವನು ಬಂಡೆಯೇ ಆಗುತ್ತಾನೆ. ಹಳೆಯ ಬೇಟೆಗಾರರ ಈ ಪಾಠ ಬಂದೂಕಿನೊಂದಿಗೆ ಹೋಗಬೇಕಾಗಿಲ್ಲ.

ಇನ್ನು ವಸ್ತುವಿನ ಮಾತು. ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್, ಎಂದರೆ ಇಂಗಾಲದ ನಾರಿನಿಂದ ಹೆಣೆದು ಅಂಟಿನಲ್ಲಿ ಬಿಗಿದ ಕೊಳವೆ. ಎರಡನೆಯದು ಅಷ್ಟೇ ಬಿಗುವನ್ನು ಕಡಿಮೆ ತೂಕದಲ್ಲಿ ಕೊಡುತ್ತದೆ; ತಟ್ಟಿದಾಗ ಹುಟ್ಟುವ ಕಂಪನವನ್ನು ಬೇಗ ನುಂಗುತ್ತದೆ; ಚಳಿಗಾಲದ ಬೆಳಗಿನಲ್ಲಿ ಕೈಗೆ ಕೊರೆಯುವುದಿಲ್ಲ. ಬೆಲೆ ಹೆಚ್ಚು, ಮತ್ತು ಬಂಡೆಯ ಮೊನೆಗೆ ಬಲವಾಗಿ ಬಡಿದರೆ ಬಾಗುವ ಬದಲು ಬಿರಿಯುತ್ತದೆ. ಅಲ್ಯೂಮಿನಿಯಂ ಅಗ್ಗ, ಒರಟು ಬಳಕೆಗೆ ಒಗ್ಗುತ್ತದೆ, ತೂಕ ಸ್ವಲ್ಪ ಹೆಚ್ಚು. ಕೈಯಲ್ಲಿ ಕಡಿಮೆ ಹಣವಿರುವವರು ತೆಳುಕಾಲಿನ ಕಾರ್ಬನ್ನಿಗೆ ಆಸೆಪಡುವ ಬದಲು ದಪ್ಪಕಾಲಿನ ಗಿಡ್ಡ ಅಲ್ಯೂಮಿನಿಯಂ ಮುಕ್ಕಾಲಿಯನ್ನು ಆರಿಸಿಕೊಳ್ಳುವುದು ಲೇಸು. ಕಾಲುಗಳೇ ಒಂದರಿಂದ ಒಂದೂವರೆ ಕಿಲೋ, ಮೇಲಿನ ತಲೆ ಅರ್ಧ ಕಿಲೋ, ಒಟ್ಟು ಎರಡು ಕಿಲೋ ಮೀರದಂತೆ ನೋಡಿಕೊಂಡರೆ ದಿನವಿಡೀ ಹೊರಬಹುದು.

ಪ್ರತಿಯೊಂದು ಕಾಲೂ ಒಂದರೊಳಗೊಂದು ಸೇರುವ ಕೊಳವೆಗಳಿಂದ ಆಗಿರುತ್ತದೆ. ಮೂರು ತುಂಡು, ನಾಲ್ಕು ತುಂಡು, ಐದು ತುಂಡು ಎಂದು ಬಗೆಗಳಿವೆ. ತುಂಡುಗಳು ಹೆಚ್ಚಿದಷ್ಟೂ ಮಡಚಿದಾಗ ಚೀಲದೊಳಗೆ ಚಿಕ್ಕದಾಗುತ್ತದೆ. ಆದರೆ ಕೊನೆಯ ತುಂಡು ಬೆರಳಿನಷ್ಟು ತೆಳುವಾಗಿ, ಇಡೀ ಭಾರ ಅದರ ಮೇಲೆ ನಿಲ್ಲುತ್ತದೆ. ಬಸ್ಸಿನಲ್ಲಿ ಪಯಣಿಸುವವರಿಗೆ ನಾಲ್ಕು ತುಂಡು ಒಪ್ಪತಕ್ಕದ್ದು. ಕೊನೆಯ ತುಂಡನ್ನು ಬೇಕೆಂದಾಗ ಮಾತ್ರ ಎಳೆಯಬೇಕು. ನಡುವೆ ಮೇಲೇಳುವ ಒಂಟಿ ಕಂಬವಿರುವ ಮುಕ್ಕಾಲಿಗಳೂ ಇವೆ. ಆ ಕಂಬವನ್ನು ಎತ್ತಿದರೆ ಮೂರು ಕಾಲಿನ ನೆಲೆಯ ಮೇಲೆ ಒಂದು ಕಾಲಿನ ಪ್ರಾಣಿಯನ್ನು ಕೂರಿಸಿದಂತೆ. ಕಂಬವಿಲ್ಲದ್ದೇ ಉತ್ತಮ, ಇದ್ದರೆ ಇಳಿಸಿಯೇ ಇರಲಿ. ಕಾಲುಗಳು ಅಗಲವಾಗಿ ಹರಡಿ ನೆಲಕ್ಕೆ ಸಮೀಪವಾಗಿ ನಿಲ್ಲುವಂತಿರಬೇಕು. ಇಳಿಜಾರಿನಲ್ಲಿ ಎರಡು ಕಾಲು ಕೆಳಮುಖಕ್ಕೆ, ಒಂದು ಕಾಲು ಮೇಲ್ಮುಖಕ್ಕೆ ಇರಲಿ. ತುಂಡುಗಳನ್ನು ಬಿಗಿಯುವುದಕ್ಕೆ ತಿರುಗಿಸುವ ಬಳೆಗಳಿರುತ್ತವೆ, ಇಲ್ಲವೇ ಒತ್ತುವ ಕೀಲುಗಳು. ಯಾವುದಾದರೂ ಸರಿ, ನಮ್ಮ ಎರೆಮಣ್ಣಿನ ಹುಡಿಯನ್ನು ಒಳಗೆ ಬಿಟ್ಟುಕೊಳ್ಳದಂತಿರಬೇಕು, ಮನೆಯಲ್ಲಿ ಬಿಚ್ಚಿ ಒರೆಸಲು ಬರುವಂತಿರಬೇಕು.

ಕಾಲುಗಳಷ್ಟೇ ಮುಖ್ಯವಾದದ್ದು ಮೇಲಿನ ತಲೆ. ಫೋಟೋದವರಿಗೆ ಪ್ರಿಯವಾದ ಗುಂಡುತಲೆ ಹಗುರಾದದ್ದು. ಯಾವ ಕಡೆಗೂ ತಿರುಗುತ್ತದೆ. ದುರ್ಬೀನಿಗೆ ಆ ಸ್ವಾತಂತ್ರ್ಯವೇ ತೊಡಕು. ಬಿಗಿ ಸಡಿಲಿಸಿದ ಕೂಡಲೇ ದುರ್ಬೀನು ಮೂಗು ತಗ್ಗಿಸಿ ಬೀಳುತ್ತದೆ. ನಮಗೆ ಬೇಕಾದದ್ದು ಎರಡೇ ಚಲನೆ: ಎಡಬಲ ಮತ್ತು ಮೇಲುಕೆಳಗೆ. ಒಳಗೆ ಜಿಡ್ಡಿನ ತಡೆಯಿರುವ ಫ್ಲೂಯಿಡ್ ತಲೆ, ಹಿಡಿಕೆಯನ್ನು ಮೆಲ್ಲನೆ ನೂಕಿದರೆ ಮೆಲ್ಲನೆ ಸರಿದು, ಕೈಬಿಟ್ಟಲ್ಲಿ ನಿಲ್ಲುತ್ತದೆ. ಎದುರಿನ ಇಳಿಜಾರನ್ನು ಪುಸ್ತಕದ ಸಾಲುಗಳಂತೆ ಎಡದಿಂದ ಬಲಕ್ಕೆ ಓದಿ, ಒಂದು ಸಾಲು ಕೆಳಗಿಳಿದು ಮತ್ತೆ ಓದಲು ಇಂಥ ತಲೆ ಬೇಕು. ಇದರ ಚಿಕ್ಕ ಮಾದರಿಗಳು ಅರ್ಧ ಕಿಲೋದೊಳಗೇ ದೊರೆಯುತ್ತವೆ. ತಲೆಗೂ ದುರ್ಬೀನಿಗೂ ನಡುವಿನ ತಟ್ಟೆ ಆರ್ಕಾ-ಸ್ವಿಸ್ ಮಾದರಿಯದಾಗಿದ್ದರೆ ಬೇರೆ ಬೇರೆ ತಯಾರಕರ ಸಲಕರಣೆಗಳು ಒಂದಕ್ಕೊಂದು ಹೊಂದಿಕೊಳ್ಳುವ ಸಂಭವ ಹೆಚ್ಚು. ದುರ್ಬೀನನ್ನು ಆ ತಟ್ಟೆಯ ಮೇಲೆ ಹಿಂದೆಮುಂದೆ ಸರಿಸಿ ತಕ್ಕಡಿಯಂತೆ ತೂಗಿಸಿಕೊಳ್ಳಬೇಕು. ಅರ್ಧ ನಡುಕ ಅಲ್ಲಿಯೇ ನಿಲ್ಲುತ್ತದೆ.

ಈಗ ಗಾಳಿಯ ವಿಚಾರ. ಗಜೇಂದ್ರಗಡದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೀವು ದಾರಿಯಲ್ಲಿ ಹೋಗುವಾಗ ನೋಡಿರಬಹುದು. ವಿದ್ಯುತ್ತಿನವರು ಈ ನೆತ್ತಿಗಳನ್ನು ಆರಿಸಿಕೊಂಡದ್ದು ಇಲ್ಲಿ ಗಾಳಿ ಬೀಸುವುದರಿಂದಲೇ. ಅವರಿಗೆ ವರವಾದ ಗಾಳಿ ನಮಗೆ ಶಾಪ. ಗಾಳಿಯ ವೇಗ ಇಮ್ಮಡಿಯಾದರೆ ಅದು ತಳ್ಳುವ ಬಲ ನಾಲ್ಮಡಿಯಾಗುತ್ತದೆ. ಮುಕ್ಕಾಲಿಯ ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲವನ್ನು ತೂಗುಹಾಕಿ ಎಂದು ಪುಸ್ತಕಗಳು ಹೇಳುತ್ತವೆ. ಒಳ್ಳೆಯ ಉಪಾಯ, ಭಾರವನ್ನು ಕೆಳಗಿನಿಂದ ಹೊತ್ತು ತರಬೇಕಾಗಿಲ್ಲ, ಗುಡ್ಡವೇ ಸಾಲ ಕೊಡುತ್ತದೆ. ಆದರೆ ತೂಗುವ ಚೀಲ ಗಾಳಿಗೆ ಗಡಿಯಾರದ ಲೋಲಕದಂತೆ ಓಲಾಡಿ ಹೊಸ ನಡುಕವನ್ನು ಹುಟ್ಟಿಸುತ್ತದೆ. ಚೀಲದ ಬುಡ ನೆಲಕ್ಕೆ ತಾಗಿರುವಂತೆ ಕಟ್ಟಿದರೆ ಓಲಾಟ ನಿಲ್ಲುತ್ತದೆ, ಎಳೆತ ಉಳಿಯುತ್ತದೆ. ಇದಕ್ಕೂ ಮೊದಲು, ಗಾಳಿಯ ಮರೆಯಲ್ಲಿ ಬಂಡೆಯೊಂದನ್ನು ಹುಡುಕಿ ಕೂರಬೇಕು. ಹಿಗ್ಗಿಸುವ ಪಟ್ಟನ್ನು 60ರಿಂದ 25ಕ್ಕೋ 30ಕ್ಕೋ ಇಳಿಸುವುದೂ ಒಂದು ಉಪಾಯ. ನಡುಕ ಅರ್ಧವಾಗುತ್ತದೆ, ಬೆಳಕು ಹೆಚ್ಚುತ್ತದೆ, ಕಾಸು ಖರ್ಚಾಗುವುದಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಏಕೆ, ಕಾಣದಿದ್ದರೆ ನಾಲ್ಕು ಹೆಜ್ಜೆ ಹತ್ತಿರ ಹೋದರಾಯಿತಲ್ಲ ಎನ್ನುವವರಿಗೆ ಒಂದು ಪ್ರಸಂಗವನ್ನು ಹೇಳಬೇಕು. ಒಂದು ಚಳಿಗಾಲ ತರುಣ ಶಿಕ್ಷಕರೊಬ್ಬರು ನನ್ನೊಡನೆ ಬಂದಿದ್ದರು. ಯಾವ ಗುಡ್ಡವೆಂದು ಹೇಳಲಾರೆ. ಕಾರಣ ನಿಮಗೇ ಹೊಳೆಯುತ್ತದೆ. ಅವರ ಮುಕ್ಕಾಲಿ ಐದು ತುಂಡಿನದು, ಆಳೆತ್ತರದ್ದು, ಎತ್ತಿದರೆ ಹೂವಿನಂತೆ ಹಗುರ. ಎದುರಿನ ಇಳಿಜಾರಿನ ಗವಿಯೊಂದರ ಬಳಿ ಏನೋ ಓಡಾಡುತ್ತಿತ್ತು. ಗಾಳಿಗೆ ಅವರ ದುರ್ಬೀನಿನಲ್ಲಿ ಗುಡ್ಡವೇ ಕುಣಿಯುತ್ತಿತ್ತು. ಬೇಸತ್ತು ಎದ್ದು, “ಸ್ವಲ್ಪ ಹತ್ತಿರ ಹೋಗಿ ನೋಡೋಣ್ರೀ ಸರ್” ಎಂದರು. ಪಕ್ಕದಲ್ಲಿ ಬಡಿಗೆಗೆ ಮೈಯೊರಗಿಸಿ ನಿಂತಿದ್ದ ಕುರಿಗಾರ ಅಜ್ಜ ಅವರನ್ನು ತಡೆದ.

“ಬ್ಯಾಡ್ರಿ ಸರ. ಅಲ್ಲಿ ತ್ವಾಳ ಮರಿ ಹಾಕೇತಿ. ಮಂದಿ ಸುಳಿದ್ರ ತಾಯಿ ಮರಿ ಬಾಯಾಗ ಹಿಡಕೊಂಡು ಜಾಗಾ ಬದಲ ಮಾಡತೈತಿ. ಹೊಸಾ ಜಾಗಾ ನಮ್ಮ ದಡ್ಡಿ ಮಗ್ಗಲಕ್ಕ ಬಂದ್ರ ಯಾರು ಹೊಣಿ?”

ಆ ಪ್ರಶ್ನೆಗೆ ಉತ್ತರವಿರಲಿಲ್ಲ. ದಡ್ಡಿಯ ಪಕ್ಕಕ್ಕೆ ತೋಳ ಬಂದರೆ ಅಜ್ಜನ ಮರಿಕುರಿಗಳು ಹೋಗುತ್ತವೆ. ಕುರಿ ಹೋದರೆ ಯಾರೋ ಸಿಟ್ಟಿಗೆ ವಿಷವಿಡುತ್ತಾರೆ. ಆಮೇಲೆ ತೋಳವೂ ಇಲ್ಲ. ಕೆಡುಕಿನ ಈ ಸರಪಳಿಯ ಮೊದಲ ಕೊಂಡಿ ನಮ್ಮ ನಾಲ್ಕು ಹೆಜ್ಜೆ. ನಾನು ನನ್ನ ಗಿಡ್ಡ ಮುಕ್ಕಾಲಿಯನ್ನು ಬಂಡೆಯ ಮರೆಗೆ ಸರಿಸಿ, ಕಾಲುಗಳನ್ನು ಹರಡಿ, ದುರ್ಬೀನನ್ನು 30 ಪಟ್ಟಿಗೆ ಇಟ್ಟು ಶಿಕ್ಷಕರನ್ನು ಕೂರಿಸಿದೆ. ಗವಿಯ ಬಾಯಲ್ಲಿ ತಾಯಿ ಮಲಗಿತ್ತು. ಮೂರು ಮರಿಗಳು ಅದರ ಬಾಲವನ್ನು ಎಳೆಯುತ್ತಿದ್ದವು. ಶಿಕ್ಷಕರು ಬಹಳ ಹೊತ್ತು ಮಾತಾಡಲಿಲ್ಲ. “ಅಜ್ಜಾರ, ನೀವೂ ನೋಡ್ರಿ” ಎಂದೆ. ಅಜ್ಜ ಒಂದು ಕಣ್ಣು ಮುಚ್ಚಿ ನೋಡಿ, “ಇಲ್ಲೇ ಅಂಗಳದಾಗ ಆಡಿದಂಗ ಐತೆಲ್ರಿ! ಮತ್ಯಾಕ ಅಲ್ಲೀತನಕ ಹೋಗಬೇಕು?” ಎಂದ. ತನ್ನ ಕುರಿಗಳನ್ನು ಕದಿಯುವ ಪ್ರಾಣಿಯನ್ನು ಅವನು ಅಷ್ಟು ಹೊತ್ತು, ಅಷ್ಟು ನೆಮ್ಮದಿಯಿಂದ ನೋಡಿದ್ದು ಅದೇ ಮೊದಲಿರಬೇಕು. ನೋಡುತ್ತಿರುವಾಗ ಅವನೇನೂ ಬಯ್ಯಲಿಲ್ಲ.

ಹಾಗೆ ನೋಡಿದರೆ ಆ ಅಜ್ಜನೇ ನಮ್ಮ ನಾಡಿನ ಮೊದಲ ಮುಕ್ಕಾಲಿ. ಎರಡು ಕಾಲು, ಒಂದು ಬಡಿಗೆ. ಅದರ ಮೇಲೆ ದಿನವಿಡೀ ದೂರವನ್ನು ನೋಡುವ ಎರಡು ಕಣ್ಣು.

ಗುಡ್ಡದ ನಿಯಮ ಕೆರೆಗೆ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಮಂಗೋಲಿಯದಲ್ಲಿ ವಿಜ್ಞಾನಿಗಳು ಕೊರಳಿಗೆ ಗುರುತುಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡದ್ದುಂಟು. ಆ ಪಟ್ಟಿಯ ಅಕ್ಷರಗಳನ್ನು ಓದಿದರೆ ಹಕ್ಕಿ ಎಲ್ಲಿಂದ ಬಂದದ್ದು ಎಂದು ತಿಳಿಯುತ್ತದೆ. 300 ಮೀಟರು ದೂರದ ಅಕ್ಷರ 30 ಪಟ್ಟಿನ ದುರ್ಬೀನಿನಲ್ಲಿ 10 ಮೀಟರು ದೂರದಲ್ಲಿದ್ದಂತೆ ಕಾಣುತ್ತದೆ. ದೃಶ್ಯ ನಿಶ್ಚಲವಾಗಿದ್ದರೆ ಓದಬಹುದು. ನಡುಗುತ್ತಿದ್ದರೆ ಕಾಣುವುದು ಬರಿಯ ಮಸುಕು. ಹತ್ತಿರ ಹೋದರೆ ಹಿಂಡೇ ಏಳುತ್ತದೆ. ಕೆರೆಯ ಏರಿಯ ಮೇಲೆ ಆಪು, ಜಾಲಿಗಳ ಮೇಲಿನಿಂದ ನೋಡಲು ಹಲವು ಸಲ ನಿಲ್ಲಲೇಬೇಕಾಗುತ್ತದೆ. ಅಲ್ಲಿ ಎತ್ತರದ ಮುಕ್ಕಾಲಿಗೆ ಅರ್ಥವಿದೆ. ಏರಿಯತನಕ ವಾಹನ ಹೋಗುವಲ್ಲಿ ತೂಕವೂ ಅಷ್ಟು ಕಾಡದು. ಹೊರುವ ದಾರಿಯನ್ನೂ ಕೂರುವ ಜಾಗವನ್ನೂ ಮೊದಲು ಯೋಚಿಸಿ, ಆಮೇಲೆ ಅಂಗಡಿಗೆ ಹೋಗಬೇಕೆಂಬುದು ಇದರ ತಾತ್ಪರ್ಯ.

ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲೆ ‘10 ಕಿಲೋ ಹೊರುತ್ತದೆ’ ಎಂದು ಬರೆದದ್ದನ್ನು ನಂಬಿ ಮರಳಬೇಡಿ. ಮುಕ್ಕಾಲಿ ಕುಸಿಯುವುದಿಲ್ಲವೆಂದು ಅದರ ಅರ್ಥ, ನಡುಗುವುದಿಲ್ಲವೆಂದಲ್ಲ. ಆ ಅಂಕೆಯನ್ನು ಅಳೆಯಲು ಎಲ್ಲ ತಯಾರಕರೂ ಒಪ್ಪಿದ ಒಂದೇ ಕೋಲೂ ಇಲ್ಲ. ನಿಮ್ಮ ದುರ್ಬೀನನ್ನು ಜೊತೆಗೆ ಒಯ್ಯಿರಿ. ಮುಕ್ಕಾಲಿಯನ್ನು ನೀವು ಕುಳಿತು ನೋಡುವಷ್ಟು ಎತ್ತರಕ್ಕೆ ನಿಲ್ಲಿಸಿ, ಬೀದಿಯ ದೂರದ ನಾಮಫಲಕವೊಂದಕ್ಕೆ ದುರ್ಬೀನನ್ನು ತಿರುಗಿಸಿ, ಒಂದು ಕಾಲಿಗೆ ಬೆರಳಿನಿಂದ ಮೆಲ್ಲನೆ ತಟ್ಟಿರಿ. ಅಕ್ಷರಗಳು ಮತ್ತೆ ನಿಲ್ಲುವವರೆಗೆ ಮನಸ್ಸಿನಲ್ಲಿ ಎಣಿಸಿರಿ. ಒಂದು, ಎರಡು ಎನ್ನುವಷ್ಟರಲ್ಲಿ ನಿಂತರೆ ಒಳ್ಳೆಯದು. ನಾಲ್ಕು, ಐದಕ್ಕೆ ಹೋದರೆ ಅದು ನೆತ್ತಿಯ ಗಾಳಿಯಲ್ಲಿ ನಿಲ್ಲುವ ಕಾಲಲ್ಲ. ಆಮೇಲೆ ದುರ್ಬೀನನ್ನು ಮೆಲ್ಲನೆ ತಿರುಗಿಸಿ ಕೈಬಿಡಿ. ಬಿಟ್ಟಲ್ಲಿ ನಿಂತರೆ ತಲೆ ಒಳ್ಳೆಯದು. ಹಿಂದಕ್ಕೆ ಜಗ್ಗಿದರೆ, ಮುಂದಕ್ಕೆ ತೂಗಿದರೆ ಬೇಡ. ಕೊನೆಗೆ ಎಲ್ಲವನ್ನೂ ಮಡಚಿ ಹೆಗಲಿಗೇರಿಸಿ ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿಯಿರಿ. ಅಂಗಡಿಯವನು ನಕ್ಕರೆ ನಗಲಿ.

ಎಷ್ಟು ಒಳ್ಳೆಯ ಮುಕ್ಕಾಲಿಯೂ ಮಾಡಲಾರದ ಕೆಲಸವೊಂದಿದೆ. ಹೊತ್ತೇರಿದಂತೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಅಲೆಗಳಲ್ಲಿ ದೂರದ ದೃಶ್ಯ ನೀರೊಳಗಿನ ಬಿಂಬದಂತೆ ಕದಡುತ್ತದೆ. ಅದು ಗಾಳಿಯ ನಡುಕ, ಕಾಲಿನದಲ್ಲ; ಬಂಡೆಗೆ ಬೆಸೆದರೂ ಹೋಗದು. ನಮ್ಮ ಸೀಮೆಯಲ್ಲಿ ನೋಡುವ ಹೊತ್ತು ಬೆಳಗಿನ ಮೊದಲ ಎರಡು ಮೂರು ತಾಸು, ಮತ್ತೆ ಸಂಜೆಯ ಇಳಿಬಿಸಿಲು. ನಡುಹಗಲು ಕುರಿಗಾರನಂತೆ ಗಿಡದ ನೆರಳಿಗೆ ಬಿಟ್ಟುಕೊಡಬೇಕಾದ ಹೊತ್ತು.

ಹಿಂದಿನವರು ಬೆಟ್ಟವೇರಿ ದೂರವನ್ನು ನೋಡಿದ್ದು ಹತ್ತಿರ ಹೋಗಿ ಕೊಲ್ಲುವುದಕ್ಕಾಗಿ. ನಾವು ನೋಡುವುದು ಹತ್ತಿರ ಹೋಗದೆ ಇರುವುದಕ್ಕಾಗಿ. ನೋಡುವವನು ದೂರದಲ್ಲಿದ್ದಷ್ಟೂ ನೋಡಿಸಿಕೊಳ್ಳುವ ಜೀವಕ್ಕೆ ಕ್ಷೇಮ. ಆ ದೂರದಲ್ಲಿ ಕುಳಿತೇ ತೃಪ್ತಿಯಾಗುವಷ್ಟು ಕಾಣಬೇಕಾದರೆ ದುರ್ಬೀನಿನ ಕೆಳಗೆ ನಡುಗದ ಮೂರು ಕಾಲು ಇರಬೇಕು. ಎರಡು ಕಿಲೋದೊಳಗೆ, ದಪ್ಪ ಕಾಲಿನ, ಗಿಡ್ಡ ಮುಕ್ಕಾಲಿಯೊಂದನ್ನು ಕೊಂಡು, ಹೊತ್ತು ಹುಟ್ಟುವ ಮೊದಲು ಗುಡ್ಡದ ಮರೆಯಲ್ಲಿ ಹೋಗಿ ಕೂರಿ. ಉಳಿದದ್ದನ್ನು ಗುಡ್ಡ ತೋರಿಸುತ್ತದೆ.